ಕಣ್ಣು ಕೊಟ್ಟ ಅಣ್ಣ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ನಾಡಿನಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿದವು. ಚಳ್ಳಕೆರೆಯ ಸುತ್ತಲಿನವರು ಶೇಂಗಾ ಬೆಳೆದು, ಕುರಿ ಸಾಕಿ, ಕಂಬಳಿ ನೇಯ್ದು ಬದುಕಿದವರು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಹೆಸರನ್ನು ಕೇಳದವರು ವಿರಳ. ಕೂದಲಿಗಿಂತ ನವುರಾದ ಎಳೆಯನ್ನು ಗುರುತಿಸಿ, ಕಡಿದ ನೂಲನ್ನು ಹುಡುಕಿ ಗಂಟುಹಾಕಿ, ಅಂಚಿನ ಚಿತ್ತಾರ ತಪ್ಪದಂತೆ ನೇಯುವ ಈ ಕಸುಬಿಗೆ ಕೈಗಿಂತ ಕಣ್ಣೇ ಮೊದಲ ಬಂಡವಾಳ. ವಯಸ್ಸು ನಲವತ್ತು ದಾಟಿತೆಂದರೆ ಹತ್ತಿರದ ಎಳೆ ಮಸುಕಾಗತೊಡಗುತ್ತದೆ. ಜನರು ಇದನ್ನು ಚಾಳೀಸು ಎಂದು ಕರೆದರು. ಹಿಂದೀ ಭಾಷೆಯಲ್ಲಿ ನಲವತ್ತನ್ನು ಸೂಚಿಸುವ ಪದವು ಕನ್ನಡಕ್ಕೆ ಬಂದು ಕಣ್ಣಿನ ದೋಷವೊಂದರ ಹೆಸರಾದುದು ಸೋಜಿಗವೇ ಸರಿ.

ಚಾಳೀಸಿಗೆ ಒಂದು ಕನ್ನಡಕ ಸಾಕು. ಆದರೆ ಮುಪ್ಪಿನಲ್ಲಿ ಬರುವ ಪೊರೆಗೆ ಕನ್ನಡಕ ಸಾಲದು. ಕಣ್ಣಿನೊಳಗಿನ ಸ್ಫಟಿಕದಂತಹ ಮಸೂರವು ವರ್ಷದಿಂದ ವರ್ಷಕ್ಕೆ ಮಬ್ಬಾಗಿ ಕೊನೆಗೆ ಹಾಲಿನಂತೆ ಬೆಳ್ಳಗಾಗುತ್ತದೆ. ಅದನ್ನು ಶಸ್ತ್ರಕ್ರಿಯೆಯಿಂದ ತೆಗೆದರೆ ದೃಷ್ಟಿ ಮರಳುತ್ತದೆಂಬುದು ವೈದ್ಯಲೋಕಕ್ಕೆ ತಿಳಿದ ಸಂಗತಿಯೇ ಆಗಿತ್ತು. ಆದರೆ ಮೊಳಕಾಲ್ಮೂರಿನಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 80 ಕಿಲೋಮೀಟರ್ ದೂರ. ದಾರಿಯ ಖರ್ಚು, ಕೈಹಿಡಿದು ಕರೆದೊಯ್ಯುವವನ ಕೂಲಿಯ ನಷ್ಟ, ಅಪರಿಚಿತ ಊರಿನ ಅಳುಕು ಇವೆಲ್ಲವನ್ನೂ ಮೀರಲಾರದೆ ಎಷ್ಟೋ ವೃದ್ಧರು ಜಗಲಿಯ ಮೂಲೆ ಹಿಡಿದರು. ಮದ್ದಿರುವ ಕುರುಡು ಹೀಗೆ ಹಣೆಬರಹವೆನಿಸಿಕೊಂಡಿತು. ನಾಡಿನ ಸಾವಿರಾರು ಹಳ್ಳಿಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಆ ಹಳ್ಳಿಗಳತ್ತ ವೈದ್ಯನೇ ನಡೆದುಹೋಗಬೇಕೆಂದು ಹೊರಟವರು ಡಾ. ಮುರುಗಪ್ಪ ಚನ್ನವೀರಪ್ಪ ಮೋದಿ.

ಮೋದಿಯವರು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದರು. ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಅದೂ ಬಿಸಿಲ ನಾಡೇ. ವೈದ್ಯರಾಗಿ ನೇತ್ರಚಿಕಿತ್ಸೆಯನ್ನು ಆರಿಸಿಕೊಂಡ ಅವರಿಗೆ ಪಟ್ಟಣವೊಂದರಲ್ಲಿ ನೆಲೆಸಿ ಸುಖವಾಗಿ ಬಾಳುವ ಅವಕಾಶವಿತ್ತು. ಗಾಂಧೀಜಿಯವರ ವಿಚಾರಗಳಿಂದ ಪ್ರಭಾವಿತರಾಗಿದ್ದ ಅವರು ಆ ದಾರಿಯನ್ನು ಹಿಡಿಯಲಿಲ್ಲ. 1943ರಿಂದ ಊರೂರು ಸುತ್ತಿ ಉಚಿತ ಕಣ್ಣಿನ ಶಿಬಿರಗಳನ್ನು ನಡೆಸುವುದೇ ಅವರ ಬದುಕಾಯಿತು.

ಹಳ್ಳಿಗರಿಗೆ ಕಣ್ಣಿನ ಶಸ್ತ್ರವೆಂದರೆ ಭಯವಿದ್ದುದು ಅಕಾರಣವಾಗಿಯಲ್ಲ. ಸೂಜಿಯಿಂದ ಪೊರೆಯನ್ನು ಕಣ್ಣಿನೊಳಕ್ಕೇ ತಳ್ಳಿಬಿಡುವ ವಿಧಾನ ನಮ್ಮಲ್ಲಿ ಸುಶ್ರುತನ ಕಾಲದಿಂದ ಬಂದುದು. ಅದನ್ನು ಕಸುಬಾಗಿಸಿಕೊಂಡು ಊರೂರು ತಿರುಗುವವರಿದ್ದರು. ತಳ್ಳಿದ ದಿನ ಬೆಳಕು ಕಂಡ ಎಷ್ಟೋ ಕಣ್ಣುಗಳು ತಿಂಗಳೊಪ್ಪತ್ತಿನಲ್ಲಿ ಕೀವುಗಟ್ಟಿ ಶಾಶ್ವತವಾಗಿ ಹೋಗುತ್ತಿದ್ದವು. ಇಂತಹ ಕಡೆಗಳಲ್ಲಿ ಜನರ ನಂಬಿಕೆಯನ್ನು ಗಳಿಸುವುದು ಸುಲಭದ ಮಾತಾಗಿರಲಿಲ್ಲ.

ಮೋದಿಯವರೆಂದರೆ ಶಸ್ತ್ರಚಿಕಿತ್ಸೆ ಎಂಬುದೇ ಜನರ ಕಲ್ಪನೆ. ಅಂಕಿಗಳು ಮತ್ತೊಂದನ್ನೂ ತೋರಿಸುತ್ತವೆ. 1993ರ ಫೆಬ್ರವರಿಯವರೆಗೆ ಅವರು 46,120 ಗ್ರಾಮಗಳಿಗೆ ಹೋಗಿ, 1,21,18,630 ರೋಗಿಗಳನ್ನು ನೋಡಿ, 6,10,564 ಶಸ್ತ್ರಚಿಕಿತ್ಸೆಗಳನ್ನು ನಡೆಸಿದರೆಂದು ಗಿನ್ನೆಸ್ ದಾಖಲೆಗಳ ಗ್ರಂಥ ನಮೂದಿಸಿತು. ಒಂದು ಶಸ್ತ್ರಚಿಕಿತ್ಸೆಗೆ ಸುಮಾರು ಇಪ್ಪತ್ತು ಮಂದಿಯ ಪರೀಕ್ಷೆ ನಡೆದಿತ್ತೆಂದಾಯಿತು. ಶಿಬಿರದ ನಿಜವಾದ ಹೊರೆ ಈ ಪರೀಕ್ಷೆಯೇ. ಯಾವ ಕಣ್ಣಿಗೆ ಬೆಳಕು ಮರಳೀತು, ಯಾವುದಕ್ಕೆ ಮರಳದು ಎಂಬುದನ್ನು ಮೊದಲು ವಿಂಗಡಿಸಬೇಕು.

ದೃಷ್ಟಿಯನ್ನು ಅಳೆಯಲು ಹಾಲೆಂಡಿನ ಸ್ನೆಲ್ಲೆನ್ ಎಂಬ ವೈದ್ಯನು 1862ರಲ್ಲಿ ಅಕ್ಷರಫಲಕವೊಂದನ್ನು ರಚಿಸಿದನು. ರೋಗಿಯನ್ನು ಅದರಿಂದ 6 ಮೀಟರ್ ದೂರದಲ್ಲಿ ಕುಳ್ಳಿರಿಸಿ ಒಂದೊಂದೇ ಕಣ್ಣನ್ನು ಮುಚ್ಚಿ ಓದಿಸುತ್ತಾರೆ. ಆರೋಗ್ಯವಂತ ಕಣ್ಣು 60 ಮೀಟರಿನಿಂದ ಕಾಣಬಲ್ಲ ಅಕ್ಷರವನ್ನು ಕಾಣಲು 6 ಮೀಟರಿಗೆ ಬರಬೇಕಾದರೆ ಅಂತಹ ದೃಷ್ಟಿಯನ್ನು 6/60 ಎಂದು ಬರೆಯುತ್ತಾರೆ. ಓದು ಬಾರದವರು ಫಲಕದ ಗುರುತಿನ ತೆರೆದ ಬಾಯಿ ಯಾವ ಕಡೆಗಿದೆಯೆಂದು ಕೈಯಿಂದ ತೋರಿಸಿದರೆ ಸಾಕು. ದೊಡ್ಡ ಗುರುತೂ ಕಾಣದವರ ಮುಂದೆ ಬೆರಳುಗಳನ್ನು ಹಿಡಿದು ಎಣಿಸಲು ಹೇಳುತ್ತಾರೆ. ಅದೂ ಆಗದಿದ್ದರೆ ದೀಪವೊಂದನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹಿಡಿದು ಬೆಳಕು ಎತ್ತಣಿಂದ ಬರುತ್ತಿದೆಯೆಂದು ಕೇಳುತ್ತಾರೆ. ನೋಡುವವರಿಗೆ ಇದು ಮಕ್ಕಳಾಟದಂತೆ ತೋರಬಹುದು. ಆದರೆ ರೋಗಿಯ ಭವಿಷ್ಯ ನಿಂತಿರುವುದು ಈ ಉತ್ತರದ ಮೇಲೆಯೇ. ಪೊರೆ ಎಷ್ಟೇ ಬಲಿತರೂ ರೂಪವನ್ನು ಮರೆಸೀತೇ ಹೊರತು ಬೆಳಕನ್ನು ಪೂರ್ಣವಾಗಿ ತಡೆಯಲಾರದು. ನಾಲ್ಕು ದಿಕ್ಕನ್ನೂ ಸರಿಯಾಗಿ ಹೇಳಿದವನ ಅಕ್ಷಿಪಟಲ ಬಹುಮಟ್ಟಿಗೆ ಚೆನ್ನಾಗಿದೆಯೆಂದು ತಿಳಿಯಬಹುದು. ಹೇಳಲಾರದವನಿಗೆ ಪೊರೆ ತೆಗೆದರೂ ಫಲವಿಲ್ಲ.

ಬೆಳಕು ಬಿದ್ದೊಡನೆ ಪಾಪೆ ಕುಗ್ಗುವುದೇ ಎಂಬುದನ್ನೂ ವೈದ್ಯರು ಗಮನಿಸುತ್ತಾರೆ. ಮುಚ್ಚಿದ ರೆಪ್ಪೆಯ ಮೇಲೆ ಬೆರಳಿಟ್ಟು ಮೆಲ್ಲನೆ ಒತ್ತಿದಾಗ ಗುಡ್ಡೆ ಕಲ್ಲಿನಂತೆ ಗಟ್ಟಿಯಾಗಿದ್ದರೆ ಗ್ಲಾಕೋಮಾ ಎಂಬ ರೋಗದ ಶಂಕೆ ಹುಟ್ಟುತ್ತದೆ. ಇದರಲ್ಲಿ ಒಳಗಿನ ಒತ್ತಡ ಹೆಚ್ಚಿ ದೃಷ್ಟಿನರ ಸಾಯುತ್ತದೆ; ಹೋದ ದೃಷ್ಟಿ ಮತ್ತೆ ಬಾರದು. ಜನರು ಹೂ ಬಿದ್ದ ಕಣ್ಣು ಎನ್ನುವುದು ಪೊರೆಯಲ್ಲ, ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದ ಮೇಲಿನ ಕಲೆ. ಸಂಜೆಯಾದೊಡನೆ ತಡವರಿಸುವ ಮಗುವಿಗೆ ಬೇಕಾದುದು ಹಲವು ವೇಳೆ ಎ ಜೀವಸತ್ವವೇ ಹೊರತು ಶಸ್ತ್ರವಲ್ಲ. ಕರಿಹಲಗೆ ಕಾಣದ ಬಾಲಕನಿಗೆ ಸಮೀಪದೃಷ್ಟಿಯ ಕನ್ನಡಕವೇ ಪರಿಹಾರ.

ಹೀಗೆ ಆರಿಸಿದವರಿಗೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಸಾಲಾಗಿ ಹಾಕಿದ ಮೇಜುಗಳ ಮೇಲೆ ರೋಗಿಗಳನ್ನು ಮಲಗಿಸಿ, ಸಹಾಯಕರು ಸಿದ್ಧಪಡಿಸುತ್ತ ಹೋದಂತೆ ಮೋದಿಯವರು ಒಂದರಿಂದ ಮತ್ತೊಂದಕ್ಕೆ ಸಾಗುತ್ತಿದ್ದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಮಂದಿಯ ಪೊರೆ ತೆಗೆದುದು ಜಗತ್ತಿನ ದಾಖಲೆಯಾಯಿತು. ಭಾರತ ಸರ್ಕಾರವು 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ನೀಡಿತು. ಜನರು ಕೊಟ್ಟ ಬಿರುದು ಕಣ್ಣು ಕೊಟ್ಟ ಅಣ್ಣ.

ಈ ವೇಗದ ಬಗೆಗೆ ಆಕ್ಷೇಪಗಳು ಬಾರದೆ ಇರಲಿಲ್ಲ. ಬಯಲಿನ ಶಿಬಿರದಲ್ಲಿ ಆಸ್ಪತ್ರೆಯ ಶುಚಿತ್ವ ದೊರೆಯದು, ನಂಜೇರಿದರೆ ನೋಡಿಕೊಳ್ಳುವವರಾರು ಎಂಬ ಪ್ರಶ್ನೆ ಸಾಮೂಹಿಕ ಶಿಬಿರಗಳೆಲ್ಲವನ್ನೂ ಹಿಂಬಾಲಿಸಿತು. ಅದು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ಆಗಿನ ವಿಧಾನದಲ್ಲಿ ಮಸೂರವನ್ನು ಇಡಿಯಾಗಿ ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಅದರಲ್ಲಿ ಲೋಕವೆಲ್ಲ ಕಾಲುಭಾಗದಷ್ಟು ಹಿಗ್ಗಿ ಕಾಣುತ್ತಿತ್ತು. ಅದು ಒಡೆದರೆ ರೋಗಿ ಹೆಚ್ಚುಕಡಮೆ ಮೊದಲಿನಂತೆಯೇ. ಇಷ್ಟಾದರೂ ಆ ಕಾಲದ ಹಳ್ಳಿಯ ವೃದ್ಧನ ಮುಂದೆ ಶಿಬಿರ ಮತ್ತು ಸುಸಜ್ಜಿತ ಆಸ್ಪತ್ರೆ ಎಂಬ ಎರಡು ಆಯ್ಕೆಗಳಿರಲಿಲ್ಲ. ಶಿಬಿರ ಇಲ್ಲವೇ ಜಗಲಿಯ ಮೂಲೆ, ಇವೆರಡೇ ಇದ್ದವು. ಟೀಕಿಸುವವರು ಇದನ್ನು ಮರೆಯುವುದುಂಟು.

ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಆರಂಭವಾಯಿತು. ಆ ವೇಳೆಗೆ ಮೋದಿಯವರು ಮೂರು ದಶಕಗಳಿಗೂ ಮೀರಿ ಈ ಕೆಲಸದಲ್ಲಿದ್ದರು. ಲಂಡನ್ನಿನಲ್ಲಿ 1949ರಲ್ಲಿ ಮೊದಲ ಬಾರಿಗೆ ಕಣ್ಣಿನೊಳಗೆ ಇರಿಸಲಾದ ಕೃತಕ ಮಸೂರವು ಕಾಲಕ್ರಮದಲ್ಲಿ ನಮ್ಮ ಜನಸಾಮಾನ್ಯರನ್ನೂ ಮುಟ್ಟಿತು. ದಪ್ಪ ಕನ್ನಡಕ ಮರೆಯಾಯಿತು. ಊರಿನಲ್ಲಿ ಪರೀಕ್ಷಿಸಿ, ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಗೆ ಕರೆದೊಯ್ಯುವ ಕ್ರಮ ರೂಢಿಗೆ ಬಂದಿತು. ಬೆಂಗಳೂರಿನಲ್ಲಿ ಮೋದಿಯವರ ಹೆಸರಿನ ದತ್ತಿ ಕಣ್ಣಾಸ್ಪತ್ರೆ ಸ್ಥಾಪನೆಯಾಯಿತು. 2005ರ ನವೆಂಬರ್ 11ರಂದು ಅವರು ನಿಧನ ಹೊಂದಿದರು.