ನೀರಿಗೆ ತಾನೇ ತೆರೆದ ಬಾಗಿಲು: ಸರ್ ಎಂ. ವಿಶ್ವೇಶ್ವರಯ್ಯ

ನಮ್ಮ ಶಾಲೆಯಲ್ಲಿ ಸರ್ ಎಂ.ವಿ. ಅವರ ಬಗ್ಗೆ ಭಾಷಣ ಮಾಡದೇ ಹೊರಬಂದ ವಿದ್ಯಾರ್ಥಿ ಸಿಗಲಿಕ್ಕಿಲ್ಲ. ನಾನೂ ಎಂಟನೇ ತರಗತಿಯಲ್ಲಿ ಬಾಯಿಪಾಠ ಮಾಡಿ ಮಾತಾಡಿದವನೇ. ಮುಂದೆ ನನ್ನ ಬಿ.ಇ. ಪದವಿ ಬಂದದ್ದೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಿಂದ. ಆದರೆ ಅವರು ನಿಜವಾಗಿ ಏನು ಮಾಡಿದರೆಂದು ಅರ್ಥವಾದದ್ದು ಬೆಂಗಳೂರಿನಲ್ಲಿ ಯಂತ್ರಗಳನ್ನು ನಿಯಂತ್ರಿಸುವ ಸಾಫ್ಟ್‌ವೇರ್ ಬರೆಯತೊಡಗಿದ ಮೇಲೆ.

ಚಿಕ್ಕಬಳ್ಳಾಪುರ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತ ಓದಿ, 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ 1883ರಲ್ಲಿ ಮೊದಲ ಸ್ಥಾನ ಪಡೆದರು. ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಆಗ ನಮ್ಮ ಧಾರವಾಡ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲೇ ಇತ್ತು. ಧಾರವಾಡ, ವಿಜಾಪುರಗಳ ಕುಡಿಯುವ ನೀರಿನ ಯೋಜನೆಗಳಲ್ಲೂ ಅವರ ಕೈ ಇತ್ತು. ಆದ್ದರಿಂದ ಅವರು ಹಳೆ ಮೈಸೂರಿನವರಿಗಷ್ಟೇ ಸೇರಿದವರಲ್ಲ, ನಮ್ಮವರೂ ಹೌದು.

ಪುಣೆಯ ಹತ್ತಿರ ಮುಠಾ ನದಿಗೆ ಖಡಕ್‌ವಾಸ್ಲಾ ಅಣೆಕಟ್ಟು ಇದೆ. ಮಳೆಗಾಲದಲ್ಲಿ ಅದು ತುಂಬಿ ಹೆಚ್ಚಿನ ನೀರು ಕೋಡಿ ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಕಟ್ಟೆಯನ್ನೇ ಎತ್ತರಿಸಿದರೆ ಖರ್ಚು ಬಹಳ, ಪ್ರವಾಹ ಬಂದಾಗ ಅಪಾಯವೂ ಉಂಟು. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಬಾಗಿಲುಗಳನ್ನು ಕೂಡಿಸಿದರು. ಬಾಗಿಲಿನ ಭಾರಕ್ಕೆ ಎದುರಾಗಿ ಸಮತೂಕದ ಏರ್ಪಾಟು. ನೀರು ಗೊತ್ತುಪಡಿಸಿದ ಮಟ್ಟ ಮುಟ್ಟುವವರೆಗೆ ಬಾಗಿಲು ಮುಚ್ಚಿರುತ್ತದೆ. ಮಟ್ಟ ಮೀರಿದರೆ ಆ ನೀರೇ ಸಮತೂಕ ತಪ್ಪಿಸಿ ಬಾಗಿಲನ್ನು ಎತ್ತುತ್ತದೆ. ಮಟ್ಟ ಇಳಿದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ನಡುರಾತ್ರಿ ಪ್ರವಾಹ ಬಂದರೂ ಬಾಗಿಲು ಎತ್ತಲು ಆಳು ಬೇಡ, ಕರೆಂಟು ಬೇಡ. 1903ರ ಹೊತ್ತಿಗೆ ಇವು ಕೆಲಸಕ್ಕೆ ಬಂದವು. ನೀರಿನ ಸಂಗ್ರಹ ಮಟ್ಟ ಸುಮಾರು 8 ಅಡಿ ಏರಿತು. ಈ ಬಾಗಿಲಿಗೆ ಅವರು ಪೇಟೆಂಟ್ ಪಡೆದರು, ಆದರೆ ಸರ್ಕಾರಿ ಕೆಲಸದಲ್ಲಿದ್ದಾಗ ಮಾಡಿದ್ದೆಂದು ಗೌರವಧನ ಮುಟ್ಟಲಿಲ್ಲ. ಮುಂದೆ ಗ್ವಾಲಿಯರ್‌ನ ತಿಗ್ರಾ ಮತ್ತು ನಮ್ಮ ಕನ್ನಂಬಾಡಿ ಕಟ್ಟೆಗಳಿಗೂ ಇಂಥ ಬಾಗಿಲುಗಳು ಬಂದವು.

ಈಗ ನಾವು ಇದನ್ನು ನಿಯಂತ್ರಣ ತಂತ್ರಜ್ಞಾನ ಎನ್ನುತ್ತೇವೆ. ಈಗಿನ ಮಟ್ಟ ಅಳೆಯುವುದು, ಬೇಕಾದ ಮಟ್ಟದ ಜೊತೆ ಹೋಲಿಸುವುದು, ವ್ಯತ್ಯಾಸ ಕಂಡಷ್ಟು ತಿದ್ದುವುದು. ತಾನೇ ಕಲಿಯುವ ಇಂದಿನ ಕಂಪ್ಯೂಟರ್ ಪ್ರೋಗ್ರಾಮೂ ಹೀಗೆ ತನ್ನ ತಪ್ಪನ್ನು ಅಳೆದು, ಸ್ವಲ್ಪ ಸ್ವಲ್ಪವೇ ತಿದ್ದಿಕೊಳ್ಳುತ್ತದೆ. ಆದರೆ ಅಳತೆ ತಪ್ಪು ಜಾಗದಲ್ಲಿ ನಡೆದರೆ ಎಂಥ ಜಾಣ ಯಂತ್ರವೂ ದಾರಿ ತಪ್ಪುತ್ತದೆ.

ಇದನ್ನು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮಲಪ್ರಭಾ ಕಾಲುವೆಯ ಕೊನೆಯಂಚಿನ ಹೊಲಕ್ಕೆ ನೀರು ಬರುವ ಸರದಿಯ ರಾತ್ರಿ ಅಪ್ಪನ ಜೊತೆ ಬ್ಯಾಟರಿ ಹಿಡಿದು ನಾನೂ ಕೂತಿದ್ದೇನೆ. ಜಲಾಶಯದಲ್ಲಿ ನೀರಿದೆ ಎಂದು ಪೇಪರಿನಲ್ಲಿ ಬಂದಿರುತ್ತಿತ್ತು, ನಮ್ಮ ಎರೆಹೊಲದ ಕಡಲೆ ಮಾತ್ರ ಬಾಡುತ್ತಿತ್ತು. ನೀರು ಕಾಣದ ಹೊಲಕ್ಕೂ ನೀರಿನ ಕರ ಕೇಳಿದಾಗ 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಎದ್ದು ನಿಂತದ್ದು, ಗೋಲಿಬಾರಿನಲ್ಲಿ ಪ್ರಾಣ ಕೊಟ್ಟದ್ದು ನಮ್ಮ ಹಿರಿಯರೆಲ್ಲರಿಗೂ ನೆನಪಿದೆ. ಇಂದಿಗೂ ಜುಲೈ 21ರಂದು ಹುತಾತ್ಮ ರೈತರ ದಿನ ಆಚರಿಸುತ್ತೇವೆ.

ವಿಶ್ವೇಶ್ವರಯ್ಯನವರ ಮುಂದೆಯೂ ಇದೇ ಪ್ರಶ್ನೆ ಇತ್ತು. ಪುಣೆ ಕಡೆಯ ಕಾಲುವೆಗಳಲ್ಲಿ ಮೇಲ್ಭಾಗದವರು ಕಬ್ಬಿಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಯಿಸುತ್ತಿದ್ದರು. ಅವರ ಭೂಮಿ ಜವುಗಾಗುತ್ತಿತ್ತು, ಮುಂದಿನ ಊರುಗಳು ಒಣಗಿರುತ್ತಿದ್ದವು. 1899ರ ಸುಮಾರಿಗೆ ಅವರು ಬ್ಲಾಕ್ ಪದ್ಧತಿ ರೂಪಿಸಿದರು. ಜಮೀನನ್ನು ಬ್ಲಾಕುಗಳಾಗಿ ಮಾಡಿ, ಒಂದು ಭಾಗಕ್ಕೆ ಕಬ್ಬು, ಉಳಿದವಕ್ಕೆ ಕಡಿಮೆ ನೀರಿನ ಬೆಳೆ. ವರ್ಷದಿಂದ ವರ್ಷಕ್ಕೆ ಬೆಳೆ ಬದಲಿಸಬೇಕು, ನೀರು ಸರದಿಯಂತೆ ಬರಬೇಕು. ಮೊದಲು ರೈತರು ಒಪ್ಪಲಿಲ್ಲ. ಕಚೇರಿಯಲ್ಲಿ ಕೂತು ಆದೇಶ ಹೊರಡಿಸುವ ಬದಲು ಅವರು ರೈತರ ಸಭೆ ಕರೆದು ತಿಳಿಹೇಳಿದರು. ನೀರನ್ನು ಕಟ್ಟೆಯಲ್ಲಷ್ಟೇ ಅಲ್ಲ, ಹೊಲದಲ್ಲೂ ಅಳೆಯಬೇಕೆಂದು ಅವರು ಕಂಡುಕೊಂಡಿದ್ದರು. ನನಗೆ ಅವರ ದೊಡ್ಡತನ ಕಾಣುವುದು ಇಲ್ಲಿ.

ಮುಂಬಯಿ ಸರ್ಕಾರದ ಕೆಲಸ ಬಿಟ್ಟ ಮೇಲೆ, 1908ರ ಮೂಸಿ ಪ್ರವಾಹದಿಂದ ತತ್ತರಿಸಿದ್ದ ಹೈದರಾಬಾದಿಗೆ ರಕ್ಷಣಾ ಯೋಜನೆ ಮಾಡಿಕೊಟ್ಟರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಆ ಕಾಲದವು. 1955ರಲ್ಲಿ ಭಾರತರತ್ನ ಬಂತು. ನೂರು ತುಂಬಿದ ಮೇಲೆ, 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನಮ್ಮ ಶಾಲೆಯ ಮಕ್ಕಳಿಗೆ ಒಂದು ಮಾತು. ಮುಂದೆ ನಿಮ್ಮಲ್ಲಿ ಯಾರಾದರೂ ಕಾಲುವೆಯ ಗೇಟು ನಡೆಸುವ ಯಂತ್ರಕ್ಕೆ ಬುದ್ಧಿ ಕಲಿಸಬಹುದು. ಆಗ ಮೊದಲ ಅಳತೆಗೋಲನ್ನು ಕಾಲುವೆಯ ಕೊನೆಯ ಹೊಲದಲ್ಲಿ ನೆಡಿರಿ.