ಅವಸರದ ಮನುಷ್ಯ ಕಟ್ಟಿದ ನಿಧಾನದ ಊರು

ಹಳೇ ಟಿ.ವಿ. ಧಾರಾವಾಹಿಗಳನ್ನ ಮತ್ತೆ ನೋಡೋಕೆ ಹೋದ್ರೆ ಎಷ್ಟೋ ಸಲ ನಿರಾಸೆಯೇ ಕಾದಿರುತ್ತೆ. ಎಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಬರ್ತಿದ್ದ ಸ್ಟಾರ್ ಟ್ರೆಕ್ ಅನ್ನು ಈಚೆಗೆ ಮೊಬೈಲಿನಲ್ಲಿ ಹಾಕಿ ನೋಡಿದೆ. ಅಂದು ಬಾಯಿಬಿಟ್ಟು ನೋಡಿದ್ದ ಅಂತರಿಕ್ಷ ನೌಕೆಯ ಗೋಡೆಗಳು ಈಗ ರಟ್ಟಿನ ಹಾಗೆ ಕಂಡವು. ಅದೇ ವಾರ ‘ಮಾಲ್ಗುಡಿ ಡೇಸ್’ನ ಮೊದಲ ಕಂತುಗಳನ್ನೂ ನೋಡಿದೆ, ಸ್ವಾಮಿ ಮತ್ತು ಅವನ ಗೆಳೆಯರ ಕಥೆ. 1930ರ ಸುಮಾರಿನ ಕಥೆ, ಆದ್ರೆ ಎಲ್ಲೂ ತುಕ್ಕು ಹಿಡಿದಿಲ್ಲ. ಮುಂದಿನ ಶತಮಾನ ತೋರಿಸಿದ್ದು ಹಳತಾಗಿದೆ, ಹಿಂದಿನ ಕಾಲ ತೋರಿಸಿದ್ದು ಹಂಗೇ ಉಳಿದಿದೆ.

ವಿಚಿತ್ರ ಏನಂದ್ರೆ, ಆ ಹಿಂದಿನ ಕಾಲವನ್ನ ನಮಗೆ ಕಟ್ಟಿಕೊಟ್ಟವನು ನಮ್ಮ ಸಿನಿಮಾರಂಗದಲ್ಲಿ ಭವಿಷ್ಯದ ಹುಚ್ಚು ಎಲ್ಲರಿಗಿಂತ ಹೆಚ್ಚಿದ್ದ ಶಂಕರ್ ನಾಗ್.

ಶಂಕರ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರದ ಕಡೆ. ಮನೆಮಾತು ಕೊಂಕಣಿ. ಅಣ್ಣ ಅನಂತ್ ನಾಗ್. ಓದು ಮುಗಿಸಿ ಮುಂಬೈ ಸೇರಿದ ಹುಡುಗ ಮರಾಠಿ ರಂಗಭೂಮಿಗೆ ಬಿದ್ದ. ಮುಂದೆ ಹೆಂಡತಿಯಾದ ಅರುಂಧತಿ ಸಿಕ್ಕಿದ್ದೂ ಆ ನಾಟಕದ ಬದುಕಿನಲ್ಲೇ. ಕನ್ನಡಕ್ಕೆ ಅವನನ್ನ ಎಳೆದು ತಂದಿದ್ದು ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’, 1978ರಲ್ಲಿ. ಅದರ ಕೂಲಿ ಸಿಪಾಯಿ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಮೊದಲ ಸಿನಿಮಾಕ್ಕೇ ಅದು ಬಂದ ಮೇಲೆ ಇನ್ನೊಬ್ಬನಾಗಿದ್ರೆ ಗಂಭೀರ ನಟನ ವೇಷ ಹಾಕಿಕೊಂಡು ವರ್ಷಕ್ಕೊಂದು ಸಿನಿಮಾ ಮಾಡ್ಕೊಂಡು ಇದ್ದುಬಿಡ್ತಿದ್ದ.

ಇವನು ಹಾಗೆ ಮಾಡ್ಲಿಲ್ಲ. 1980ರಲ್ಲಿ ‘ಆಟೋ ರಾಜ’ ಆದ. ಅದೇ ವರ್ಷ ‘ಮಿಂಚಿನ ಓಟ’ ನಿರ್ದೇಶಿಸಿದ. ಆಮೇಲೆ ‘ಗೀತಾ’. 1985ರಲ್ಲಿ ‘ಆಕ್ಸಿಡೆಂಟ್’, ಫುಟ್‌ಪಾತ್‌ನಲ್ಲಿ ಮಲಗಿದ್ದವರ ಮೇಲೆ ಶ್ರೀಮಂತರ ಮಗ ಕಾರು ಹರಿಸುವ ಕಥೆ. ಅದಕ್ಕೆ ರಾಷ್ಟ್ರಪ್ರಶಸ್ತಿ. ರಾಜ್‌ಕುಮಾರ್ ಅವರನ್ನ ಹಾಕಿಕೊಂಡು ಮಾಡಿದ ‘ಒಂದು ಮುತ್ತಿನ ಕಥೆ’ಗಾಗಿ ಕ್ಯಾಮೆರಾವನ್ನ ಸಮುದ್ರದ ನೀರೊಳಗೆ ಇಳಿಸಿದ. ಇವುಗಳ ನಡುವೆ ಫೈಟಿಂಗ್, ಹಾಡು, ಸೇಡು ತುಂಬಿದ ಸಿನಿಮಾಗಳು ಸಾಲುಸಾಲು. ಅವುಗಳಲ್ಲಿ ಬಹಳಷ್ಟು ಸಾಧಾರಣ, ಕೆಲವು ಅದಕ್ಕಿಂತ ಕೆಳಗೆ. ಅಭಿಮಾನಿಗಳು ಬೈದ್ರೂ ಇದನ್ನ ಹೇಳಲೇಬೇಕು. ಅಲ್ಲಿ ದುಡಿದ ದುಡ್ಡು ಎಲ್ಲಿಗೆ ಹೋಯ್ತು ಅಂತ ನೋಡಿದ್ರೆ ಮಾತ್ರ ಆ ಮನುಷ್ಯ ಅರ್ಥ ಆಗೋದು. ‘ಸಂಕೇತ್’ ಹೆಸರಲ್ಲಿ ನಾಟಕ ತಂಡ, ಅದೇ ಹೆಸರಲ್ಲಿ ಬೆಂಗಳೂರಿನಲ್ಲಿ ರೆಕಾರ್ಡಿಂಗ್ ಸ್ಟುಡಿಯೋ. ಅಲ್ಲೀವರೆಗೆ ಕನ್ನಡ ಸಿನಿಮಾದ ಹಾಡಿಗೂ ಡಬ್ಬಿಂಗ್‌ಗೂ ಮದ್ರಾಸಿನ ದಾರಿ ಹಿಡಿಯೋದೇ ರೂಢಿ.

ಇಷ್ಟೆಲ್ಲ ಓಟದ ನಡುವೆ ಅವನು ಆಗುಂಬೆಯ ಮಳೇಲಿ ಕೂತು ಮಾಲ್ಗುಡಿ ಕಟ್ಟಿದ. ನಿರ್ಮಾಪಕರು ಟಿ.ಎಸ್. ನರಸಿಂಹನ್, ಕ್ಯಾಮೆರಾ ಎಸ್. ರಾಮಚಂದ್ರ, ಸಂಗೀತ ಎಲ್. ವೈದ್ಯನಾಥನ್, ಕಲಾ ನಿರ್ದೇಶನ ಜಾನ್ ದೇವರಾಜ್. ಶೀರ್ಷಿಕೆಯ ಚಿತ್ರಗಳನ್ನ ಬರೆದದ್ದು ಕಥೆಗಾರ ಆರ್.ಕೆ. ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣ್. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಮೊದಲ ಕಂತುಗಳನ್ನ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ತೆಗೆದರು. ಅಂದ್ರೆ ಒಂದೇ ದೃಶ್ಯಕ್ಕೆ ಎರಡು ಭಾಷೆ, ಅದೂ ಚಿಕ್ಕ ಹುಡುಗರ ಬಾಯಲ್ಲಿ, ಅದೂ ಆಗುಂಬೆಯ ಮೋಡದ ಕೆಳಗೆ. ಅವಸರದ ಮನುಷ್ಯನೇ ಬೇಕಿತ್ತು ಇದಕ್ಕೆ.

ನಮ್ಮ ಕಳ್ಳಂಬೆಳ್ಳದ ಕಡೆ ಆಗ ಟಿ.ವಿ. ಇದ್ದ ಮನೆಗಳು ಬೆರಳೆಣಿಕೆ. ಅಕ್ಕಪಕ್ಕದವರೆಲ್ಲ ಅಲ್ಲೇ ಜಮಾ. ಹಿಂದಿ ಯಾರಿಗೂ ಸರಿಯಾಗಿ ಬರ್ತಿರಲಿಲ್ಲ, ನನಗಂತೂ ಒಂದಕ್ಷರ ಬರ್ತಿರಲಿಲ್ಲ. ಆದ್ರೆ ಅದೇ ದೂರದರ್ಶನದ ಬೇರೆ ಹಿಂದಿ ಧಾರಾವಾಹಿಗಳು ಪರದೇಶದವು ಅನ್ನಿಸ್ತಿದ್ದಾಗ ಇದೊಂದು ಮಾತ್ರ ನಮ್ಮದು ಅನ್ನಿಸ್ತು. ಮುಖಗಳು ನಮ್ಮವು, ಜಗಲಿ ನಮ್ಮದು, ಮೇಷ್ಟ್ರ ಬೆತ್ತ ನಮ್ಮದು. ಈಗ ಮತ್ತೆ ನೋಡುವಾಗ ಗೊತ್ತಾಗೋದು, ಶಂಕರ್ ಇಲ್ಲೊಂದು ಜಾಣತನ ಮಾಡಿದ್ದಾನೆ. ಇಂಗ್ಲಿಷಿನಲ್ಲಿ ಹುಟ್ಟಿದ ಕಥೆಯನ್ನ ದೆಹಲಿಯ ಭಾಷೆಯಲ್ಲಿ ಹೇಳ್ತಾ, ಅದರೊಳಗೆ ಕನ್ನಡ ರಂಗಭೂಮಿಯನ್ನ ಇಡಿಯಾಗಿ ಸಾಗಿಸಿಬಿಟ್ಟಿದ್ದಾನೆ. ಅನಂತ್ ನಾಗ್ ಬರ್ತಾರೆ, ವಿಷ್ಣುವರ್ಧನ್ ಬರ್ತಾರೆ, ನಾಟಕದ ಎಷ್ಟೋ ನಟರು ಬಂದು ಹೋಗ್ತಾರೆ.

ಒಂದು ತಕರಾರು ಇದೆ ನಂದು. ಪುಸ್ತಕದ ಮಾಲ್ಗುಡಿ ಮಲೆನಾಡಿನ ಊರಲ್ಲ. ಬಿಸಿಲಿನ, ಧೂಳಿನ, ಬಯಲಿನ ಊರು. ಮಳೆಯ ದಾರಿ ಕಾಯೋ ಶಿರಾ ಸೀಮೆಯವನಾಗಿ ಓದಿದಾಗ ಅದು ಆಗುಂಬೆಗಿಂತ ನಮ್ಮೂರಿಗೇ ಹತ್ತಿರ ಅನ್ನಿಸ್ತದೆ. ಶಂಕರ್ ಅದನ್ನ ಹಸಿರಿನಲ್ಲಿ ಅದ್ದಿ ತೆಗೆದ. ಆದ್ರೆ ಇವತ್ತು ಮಾಲ್ಗುಡಿ ಅಂದ್ರೆ ಎಲ್ಲರ ಕಣ್ಮುಂದೆ ಬರೋದು ಆ ಹಸಿರೇ. ಶಿವಮೊಗ್ಗ ಜಿಲ್ಲೆಯ ಅರಸಾಳು ಅನ್ನೋ ಸಣ್ಣ ರೈಲು ನಿಲ್ದಾಣ ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ ಆಗಿತ್ತು. ಈಗ ಅದು ಮಾಲ್ಗುಡಿ ಮ್ಯೂಸಿಯಂ ಆಗಿದೆ. ಇಲ್ಲದ ಊರಿಗೆ ಇರುವ ಮ್ಯೂಸಿಯಂ!

ಸ್ವಾಮಿಯ ಕಂತುಗಳಲ್ಲಿ ನನ್ನನ್ನ ಈಗ ಹಿಡಿದು ನಿಲ್ಲಿಸೋದು ಅದರ ನಿಧಾನ. ಹುಡುಗ ಸುಮ್ನೆ ಕೂತಿರ್ತಾನೆ, ಕ್ಯಾಮೆರಾನೂ ಸುಮ್ನೆ ಕೂತಿರುತ್ತೆ. ಅಪ್ಪನ ಮುಂದೆ ಲೆಕ್ಕ ಮಾಡಲಾಗದೆ ಒದ್ದಾಡುವ ಹುಡುಗನ ಮುಖವನ್ನ ಯಾವ ಅವಸರವೂ ಇಲ್ಲದೆ ತೋರಿಸ್ತಾನೆ. ಸ್ವಾಮಿ ಪಾತ್ರಕ್ಕೆ ಮಂಜುನಾಥ್‌ಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಆ ಹುಡುಗನಿಂದ ಅಂಥ ಕೆಲಸ ತೆಗೆಸೋಕೆ ಬೇಕಾದ ತಾಳ್ಮೆ, ದಿನಕ್ಕೆ ಮೂರು ಶಿಫ್ಟ್ ದುಡಿಯೋ ಸ್ಟಾರ್‌ಗೆ ಎಲ್ಲಿಂದ ಬಂತು?

ನನಗನ್ನಿಸೋದು, ಎರಡೂ ಒಂದೇ ಗುಣದ ಎರಡು ಮುಖ. ಇಲ್ಲದ ಊರನ್ನ ಕಲ್ಪಿಸಿಕೊಂಡು ಅದರ ಬೀದಿ, ಸ್ಟೇಷನ್, ಶಾಲೆ ಎಲ್ಲಿರಬೇಕು ಅಂತ ಯೋಚಿಸೋ ತಲೆಯೇ ಇರುವ ಊರನ್ನೂ ಬೇರೆ ಥರ ಕಲ್ಪಿಸಿಕೊಳ್ತು. ಬೆಂಗಳೂರಿಗೆ ಮೆಟ್ರೊ ರೈಲು ಬೇಕು, ನಂದಿ ಬೆಟ್ಟಕ್ಕೆ ರೋಪ್‌ವೇ ಬೇಕು, ಬಡವರಿಗೆ ಕಡಿಮೆ ಖರ್ಚಿನಲ್ಲಿ ಬೇಗ ಕಟ್ಟೋ ಮನೆ ಬೇಕು ಅಂತ ಎಂಬತ್ತರ ದಶಕದಲ್ಲೇ ಓಡಾಡಿದವನು ಅವನು. ಸಿನಿಮಾದವನಿಗೆ ಯಾಕಪ್ಪಾ ಇದೆಲ್ಲ ಅನ್ನೋ ಕಾಲ ಅದು. ಕನ್ನಡದಲ್ಲಿ ವೈಜ್ಞಾನಿಕ ಕಾದಂಬರಿ ಬರೆದವರಿದ್ದಾರೆ. ಅದರ ಪಾತ್ರದಂತೆ ಬದುಕಿದವನು ನನಗೆ ಗೊತ್ತಿರೋ ಹಾಗೆ ಇವನೊಬ್ಬನೇ.

1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ದಾವಣಗೆರೆ ಹತ್ತಿರದ ಆನಗೋಡು ಬಳಿ ಅವನ ಕಾರು ಲಾರಿಗೆ ಡಿಕ್ಕಿಯಾಯ್ತು. ಶೂಟಿಂಗ್‌ಗೆ ಅಂತ ಬೆಂಗಳೂರಿನಿಂದ ರಾತ್ರಿಯೆಲ್ಲ ಪ್ರಯಾಣ. ಕಾರಿನಲ್ಲಿದ್ದ ಅರುಂಧತಿ ಮತ್ತು ಮಗಳು ಗಾಯಗೊಂಡು ಉಳಿದರು. ಶಂಕರ್‌ಗೆ ಇನ್ನೂ ಮೂವತ್ತಾರು ತುಂಬಿರಲಿಲ್ಲ. ಆ ರಸ್ತೆ ತುಮಕೂರು ಬಿಟ್ಟರೆ ಕಳ್ಳಂಬೆಳ್ಳ, ಶಿರಾ, ಹಿರಿಯೂರು ದಾಟಿಕೊಂಡೇ ಹೋಗೋದು. ಆಗ ಅದು ಎರಡು ಲೇನಿನ ರಸ್ತೆ, ನಡುವೆ ಡಿವೈಡರ್ ಇಲ್ಲ, ಎದುರಿನ ಲಾರಿಯ ಲೈಟು ನೇರ ಕಣ್ಣಿಗೇ. ಹೆದ್ದಾರಿಯ ಪಕ್ಕ ಬದುಕೋ ನಮಗೆ ಅಪಘಾತದ ಸುದ್ದಿ ಹೊಸದಲ್ಲ. ಈಗ ರಸ್ತೆ ಅಗಲ ಆಗಿದೆ, ಆದ್ರೂ ರಾತ್ರಿಯೆಲ್ಲ ಓಡಿಸಿ ಬೆಳಿಗ್ಗೆ ಕೆಲಸಕ್ಕೆ ನಿಲ್ಲಬೇಕು ಅನ್ನೋ ಅಭ್ಯಾಸ ಬದಲಾಗಿಲ್ಲ. ಸಿನಿಮಾದವರದ್ದೂ ಅಷ್ಟೇ, ಕ್ಯಾಬ್ ಹುಡುಗರದ್ದೂ ಅಷ್ಟೇ. ಶಂಕರಣ್ಣನ ಸ್ಟಿಕರ್ ಅಂಟಿಸಿಕೊಂಡ ಆಟೋ, ಗೂಡ್ಸ್ ಗಾಡಿಗಳು ಅದೇ ರಸ್ತೇಲಿ ಅದೇ ಹೊತ್ತಲ್ಲಿ ಓಡ್ತಾವೆ.

ಹನ್ನೆರಡು ವರ್ಷದಲ್ಲಿ ಅಷ್ಟೊಂದು ಕೆಲಸ ಮಾಡಿದ ಅಂತ ನಾವು ಹೊಗಳ್ತೀವಿ. ಅಷ್ಟನ್ನ ಒಬ್ಬನೇ ಯಾಕೆ ಮಾಡಬೇಕಾಯ್ತು ಅಂತ ಕೇಳೋದು ಕಡಿಮೆ. ಸ್ಟುಡಿಯೋ, ರಂಗಮಂದಿರ, ರೈಲು ಇವೆಲ್ಲ ಒಬ್ಬ ನಟ ತನ್ನ ಕಾಲ್‌ಶೀಟ್ ಮಾರಿ ಕಟ್ಟಬೇಕಾದ ವಸ್ತುಗಳಲ್ಲ.

ಬೆಂಗಳೂರಿನಲ್ಲಿ ಮೆಟ್ರೊ ಓಡಿದ್ದು 2011ರ ಅಕ್ಟೋಬರ್‌ನಲ್ಲಿ, ಅವನು ಹೋಗಿ 21 ವರ್ಷಕ್ಕೆ. ಅದಕ್ಕೂ ಮೊದಲೇ, 2004ರಲ್ಲಿ, ಅರುಂಧತಿ ನಾಗ್ ಜೆ.ಪಿ. ನಗರದಲ್ಲಿ ‘ರಂಗಶಂಕರ’ ಕಟ್ಟಿ ನಿಲ್ಲಿಸಿದ್ದರು. ಈಗ ನಮ್ಮ ಕಡೆಯವರು ನಾಟಕಕ್ಕೆ ಹೋಗೋದಾದ್ರೆ ತುಮಕೂರು ರಸ್ತೆಯಲ್ಲಿ ಬಸ್ಸಿಳಿದು ನಾಗಸಂದ್ರದಲ್ಲಿ ಹಸಿರು ಮಾರ್ಗದ ರೈಲು ಹತ್ತಿದ್ರಾಯ್ತು, ಸೀದಾ ಜಯಪ್ರಕಾಶ ನಗರ. ಊರು ಮಧ್ಯಾಹ್ನವೇ ಬಿಡಿ. ನಾಟಕ ಶುರುವಾಗೋ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕ್ತಾರೆ, ತಡವಾಗಿ ಬಂದವರು ಯಾರೇ ಆದ್ರೂ ಒಳಗೆ ಬಿಡಲ್ಲ.