ಆಡ್ರೆ ಹೆಪ್‌ಬರ್ನ್ ಸಪೂರವಾಗಿದ್ದದ್ದು ಡಯಟ್‌ನಿಂದಲೇ?

ಹಾಲಿವುಡ್ ನಟಿ ಆಡ್ರೆ ಹೆಪ್‌ಬರ್ನ್ ಫೋಟೋ ಜೊತೆ ಸೌಂದರ್ಯದ ಗುಟ್ಟು ಹೇಳುವ ಸಾಲುಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಅವು ಆಡ್ರೆ ಬರೆದವಲ್ಲ, ಅಮೆರಿಕದ ಹಾಸ್ಯ ಲೇಖಕ ಸ್ಯಾಮ್ ಲೆವೆನ್‌ಸನ್ ಅವರವು. ಆಕೆಯ ಸಣ್ಣ ಸೊಂಟಕ್ಕೆ ಕಠಿಣ ಡಯಟ್ ಕಾರಣ ಎಂಬ ಮಾತೂ ಅಷ್ಟೇ. ಆಕೆ ಪಾಸ್ತಾ ಪ್ರಿಯೆ. ಅಮ್ಮನ ಅಡುಗೆ ಬಗ್ಗೆ ಮಗ ಪುಸ್ತಕವನ್ನೇ ಬರೆದಿದ್ದಾರೆ.

ಆಡ್ರೆ ಹುಟ್ಟಿದ್ದು 1929ರ ಮೇ 4ರಂದು, ಬ್ರಸೆಲ್ಸ್‌ನಲ್ಲಿ. ಆರು ವರ್ಷದವಳಿದ್ದಾಗ ಅಪ್ಪ ಮನೆ ಬಿಟ್ಟು ಹೋದರು. 1939ರಲ್ಲಿ ಯುದ್ಧ ಶುರುವಾದಾಗ, ನೆದರ್‌ಲ್ಯಾಂಡ್ಸ್ ತಟಸ್ಥ ದೇಶ, ಅಲ್ಲಿ ಭಯವಿಲ್ಲ ಎಂದುಕೊಂಡ ಅಮ್ಮ ಮಗಳನ್ನು ಇಂಗ್ಲೆಂಡಿನಿಂದ ಆರ್ನೆಮ್‌ಗೆ ಕರೆಸಿಕೊಂಡರು. ಮರು ವರ್ಷವೇ ಜರ್ಮನ್ ಸೇನೆ ಅಲ್ಲಿಗೇ ನುಗ್ಗಿತು. 1942ರಲ್ಲಿ ತಾಯಿಯ ಸೋದರಿಯ ಪತಿಯನ್ನು ನಾಜಿಗಳು ಗುಂಡಿಕ್ಕಿ ಕೊಂದರು.

1944ರ ಸೆಪ್ಟೆಂಬರ್‌ನಲ್ಲಿ ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದರು. ಸಿಟ್ಟಿಗೆದ್ದ ಜರ್ಮನ್ನರು ಆಹಾರ ಸಾಗಣೆ ತಡೆದರು. ಆ ತಡೆ ಸಡಿಲವಾಗುವಷ್ಟರಲ್ಲಿ ಕಾಲುವೆಗಳು ಹೆಪ್ಪುಗಟ್ಟಿ ದೋಣಿಗಳೂ ನಿಂತವು. ಪಶ್ಚಿಮದ ನಗರಗಳಲ್ಲಿ ಒಬ್ಬರ ಪಡಿತರ ದಿನಕ್ಕೆ 400ರಿಂದ 800 ಕ್ಯಾಲೊರಿಗೆ ಇಳಿಯಿತು. ಸುಮಾರು 20,000 ಜನ ಸತ್ತರು. ಆರ್ನೆಮ್ ಪಕ್ಕದ ವೆಲ್ಪ್‌ನಲ್ಲಿ, ಅಜ್ಜನ ಮನೆಯಲ್ಲಿದ್ದ 15ರ ಆಡ್ರೆ ಟ್ಯೂಲಿಪ್ ಗೆಡ್ಡೆ ತಿಂದು ದಿನ ದೂಡಿದಳು. ಯುದ್ಧ ಮುಗಿಯುವ ಹೊತ್ತಿಗೆ ರಕ್ತಹೀನತೆ, ಕಾಮಾಲೆ, ಮೈ ಬಾವು.

ಬ್ಯಾಲೆ ನರ್ತಕಿಯಾಗುವುದು ಆಕೆಯ ಆಸೆ. ಲಂಡನ್ನಿನಲ್ಲಿ ಗುರು ಮೇರಿ ರಾಂಬರ್ಟ್, ನಿನ್ನ ಎತ್ತರಕ್ಕೂ ಹಸಿವಿನಿಂದ ಸೊರಗಿದ ದೇಹಕ್ಕೂ ಪ್ರಧಾನ ನರ್ತಕಿಯ ಸ್ಥಾನ ಸಿಗದು ಎಂದುಬಿಟ್ಟರು. ಹಾಗಾಗಿ ನಾಟಕ, ಸಿನಿಮಾ. ‘ರೋಮನ್ ಹಾಲಿಡೇ’ಗೆ ಆಸ್ಕರ್.

ಅದೇ ಚಳಿಗಾಲದಲ್ಲಿ ತಾಯಿಯ ಹೊಟ್ಟೆಯಲ್ಲಿದ್ದ ಮಕ್ಕಳ ಕಥೆ ಇನ್ನೂ ವಿಚಿತ್ರ. ಬರಗಾಲದ ಮಧ್ಯೆಯೂ ಡಚ್ ಆಸ್ಪತ್ರೆಗಳು ಹೆರಿಗೆ ದಾಖಲೆಗಳನ್ನು ಅಚ್ಚುಕಟ್ಟಾಗಿ ಇಟ್ಟಿದ್ದವು (ಗುಮಾಸ್ತರಿಗೆ ಕೈಮುಗಿಯಬೇಕು!). ಅವನ್ನು ಹಿಡಿದು ವಿಜ್ಞಾನಿಗಳು ಆ ಮಕ್ಕಳನ್ನು ಹುಡುಕಿದರು. ಸುಮಾರು 50ನೇ ವಯಸ್ಸಿನಲ್ಲಿ ಅವರ ದೇಹಕ್ಕೆ ಸಕ್ಕರೆ ನಿಭಾಯಿಸುವ ಶಕ್ತಿ ಕಡಿಮೆಯಿತ್ತು. 2008ರಲ್ಲಿ ಇನ್ನೊಂದು ಅಧ್ಯಯನ ಬಂತು. ಬರಗಾಲದಲ್ಲಿ ಗರ್ಭ ಕಟ್ಟಿದವರನ್ನು ಅವರದೇ ಒಡಹುಟ್ಟಿದವರ ಜೊತೆ ಹೋಲಿಸಿದಾಗ, ಬೆಳವಣಿಗೆಗೆ ಬೇಕಾದ ಐಜಿಎಫ್2 ಎಂಬ ಜೀನ್ ಮೇಲಿನ ಮೀಥೈಲ್ ಗುರುತುಗಳು ಆರು ದಶಕಗಳ ನಂತರವೂ ಕಡಿಮೆ ಇದ್ದವು. ಜೀನ್ ಬದಲಾಗಿರಲಿಲ್ಲ, ಗಮನಿಸಿ. ಜೀನ್ ಎಷ್ಟು ಕೆಲಸ ಮಾಡಬೇಕೆಂದು ಹೇಳುವ ಗುರುತು ಬದಲಾಗಿತ್ತು. ಗರ್ಭದ ಕೊನೆಯ ತಿಂಗಳುಗಳಲ್ಲಿ ಹಸಿವು ಕಂಡವರಲ್ಲಿ ಈ ವ್ಯತ್ಯಾಸ ಸಿಗಲಿಲ್ಲ. ಯಾವ ವಯಸ್ಸಿನಲ್ಲಿ ಕಷ್ಟ ಬಂತು ಎಂಬುದೂ ಮುಖ್ಯ.

ಹಾಗಾದರೆ ಆಡ್ರೆಗೆ ಬಂದ ಕ್ಯಾನ್ಸರಿಗೂ ಆ ಹಸಿವೇ ಕಾರಣವೇ? ಇಂಥ ಅಧ್ಯಯನಗಳು ನೂರಾರು ಜನರ ಸರಾಸರಿ ಹೇಳುತ್ತವೆ, ಒಬ್ಬರ ಜಾತಕ ಬರೆಯುವುದಿಲ್ಲ. ಮೇಲಾಗಿ ಹಸಿವು ಬಂದಾಗ ಆಕೆ ಗರ್ಭದಲ್ಲಿರಲಿಲ್ಲ, ಹದಿಹರೆಯದಲ್ಲಿದ್ದಳು.

ಯುದ್ಧದ ನಂತರ ಆ ಊರಿಗೆ ಬಂದದ್ದು ವಿಶ್ವಸಂಸ್ಥೆಯ ಪರಿಹಾರ ಸಂಸ್ಥೆಯ ಆಹಾರ; ಯುನಿಸೆಫ್ ಹುಟ್ಟಿದ್ದು 1946ರಲ್ಲಿ. ಅದೇ ಯುನಿಸೆಫ್ ಪರವಾಗಿ ಆಡ್ರೆ 1988ರಲ್ಲಿ ಬರಪೀಡಿತ ಇಥಿಯೋಪಿಯಾಕ್ಕೆ, 1992ರಲ್ಲಿ ಸೊಮಾಲಿಯಾಕ್ಕೆ ಹೋದರು. ಅಲ್ಲಿಂದ ಮರಳಿದ ಕೆಲವೇ ತಿಂಗಳಲ್ಲಿ, 1993ರ ಜನವರಿ 20ರಂದು, ಸ್ವಿಟ್ಜರ್‌ಲ್ಯಾಂಡಿನ ಮನೆಯಲ್ಲಿ ತೀರಿಕೊಂಡರು. 63 ವರ್ಷವಾಗಿತ್ತು.